ಮುಂಭಾರ, ಹಿಂಭಾರ: ಯುದ್ಧವಿಮಾನವನ್ನು ಸಮಮಟ್ಟದಲ್ಲಿ ಹಾರಿಸುವ ಲೆಕ್ಕ

ಹಾರುತ್ತಿರುವ ವಿಮಾನವೊಂದು ಮೇಲೇರದೆ, ಕೆಳಗಿಳಿಯದೆ, ಎಡಬಲಕ್ಕೆ ವಾಲದೆ, ವೇಗವನ್ನು ಹೆಚ್ಚಿಸಿಕೊಳ್ಳದೆ ತಗ್ಗಿಸಿಕೊಳ್ಳದೆ, ಪೈಲಟ್‌ನ ಕೈಯ ಒತ್ತಡವನ್ನೂ ಬೇಡದೆ ಒಂದೇ ಎತ್ತರದಲ್ಲಿ ಸಾಗುವಂತೆ ಅದರ ನಿಯಂತ್ರಣ ಭಾಗಗಳನ್ನು ಹೊಂದಿಸಿಡುವ ಕ್ರಿಯೆಗೆ ವೈಮಾನಿಕ ಪರಿಭಾಷೆಯಲ್ಲಿ ‘ಟ್ರಿಮ್’ ಮಾಡುವುದು ಎಂದು ಹೆಸರು. ಈ ಮಾತು ಹಡಗಿನವರಿಂದ ಬಂದದ್ದು. ಹಡಗಿನ ಮುಂತುದಿ ನೀರಿಗೆ ಬಾಗದಂತೆ, ಹಿಂತುದಿ ಕುಸಿಯದಂತೆ ಸರಕನ್ನು ಹಿಂದೆ ಮುಂದೆ ಸರಿಸಿ ಹದಗೊಳಿಸುವುದನ್ನು ಅವರು ಹಾಗೆ ಕರೆಯುತ್ತಿದ್ದರು. ವಿಮಾನ ನಿಜವಾದದ್ದಾಗಿದ್ದರೆ ಈ ಹೊಂದಾಣಿಕೆಯನ್ನು ಪೈಲಟ್ ಆಕಾಶದಲ್ಲಿ ಅನುಭವದಿಂದ ಕಂಡುಕೊಳ್ಳುತ್ತಾನೆ. ಆದರೆ ಕಂಪ್ಯೂಟರಿನೊಳಗೆ ಸಮೀಕರಣಗಳ ರೂಪದಲ್ಲಿರುವ ವಿಮಾನವಾಗಿದ್ದರೆ, ಹಾರಾಟ ಆರಂಭವಾಗುವ ಮೊದಲ ಕ್ಷಣಕ್ಕೇ ಅದನ್ನು ಲೆಕ್ಕ ಹಾಕಿ ಸಿದ್ಧವಾಗಿಟ್ಟಿರಬೇಕು, ಇಲ್ಲದಿದ್ದರೆ ತೆರೆಯ ಮೇಲೆ ಮೂಡಿದ ಕೂಡಲೇ ಆ ವಿಮಾನ ಮೂಗು ಎತ್ತಿ ಕುಪ್ಪಳಿಸುತ್ತದೆ ಅಥವಾ ಮುಗ್ಗರಿಸಿ ನೆಲದತ್ತ ಧಾವಿಸುತ್ತದೆ.

ಎತ್ತಿನ ಗಾಡಿಗೆ ಹೇರು ಹೇರಿದ ಅನುಭವವುಳ್ಳ ಯಾರಿಗೂ ಈ ಸಮಸ್ಯೆಯ ತಿರುಳು ಹೊಸದಲ್ಲ. ಚನ್ನಗಿರಿಯ ಅಡಿಕೆಯ ಚೀಲಗಳಾಗಲಿ, ಹೊನ್ನಾಳಿ ಮತ್ತು ನ್ಯಾಮತಿ ಕಡೆಯ ಭತ್ತವಾಗಲಿ, ಜಗಳೂರಿನ ಮೆಕ್ಕೆಜೋಳವಾಗಲಿ, ಅಚ್ಚಿನ ಮುಂದೆ ಹೆಚ್ಚು ಹೇರಿದರೆ ನೊಗ ಎತ್ತುಗಳ ಹೆಗಲನ್ನು ಒತ್ತಿ ಅವು ನಡೆಯಲಾರದಂತಾಗುತ್ತದೆ, ಹಿಂದೆ ಹೆಚ್ಚಾದರೆ ಮೂಕಿ ಮೇಲೆದ್ದು ಕುತ್ತಿಗೆಯ ಹಗ್ಗ ಬಿಗಿಯುತ್ತದೆ. ಆದುದರಿಂದ ಹೇರುವವನು ಒಟ್ಟು ಭಾರವೆಷ್ಟು ಎಂಬುದರ ಜೊತೆಗೆ ಆ ಭಾರ ಅಚ್ಚಿನಿಂದ ಎಷ್ಟು ದೂರದಲ್ಲಿದೆ ಎಂಬುದನ್ನೂ ಗಮನಿಸುತ್ತಾನೆ, ಚೀಲವೊಂದನ್ನು ಅರ್ಧ ಮೊಳ ಹಿಂದಕ್ಕೆ ಎಳೆದು ಮೂಕಿಯನ್ನು ಕೈಯಿಂದ ಎತ್ತಿ ನೋಡುತ್ತಾನೆ. ವಿಮಾನದಲ್ಲಿ ಈ ಅಚ್ಚಿನ ಸ್ಥಾನವನ್ನು ಗುರುತ್ವ ಕೇಂದ್ರ, ಅಂದರೆ ಇಡೀ ವಿಮಾನದ ತೂಕವೆಲ್ಲ ಒಂದೆಡೆ ಸೇರಿದೆಯೆಂದು ಭಾವಿಸಬಹುದಾದ ಬಿಂದು, ವಹಿಸಿಕೊಳ್ಳುತ್ತದೆ. ಆದರೆ ಗಾಡಿಗೆ ನೆಲದ ಆಸರೆಯಿದೆ, ವಿಮಾನಕ್ಕೆ ಗಾಳಿಯೊಂದೇ ಆಸರೆ, ಆ ಆಸರೆಯೂ ವೇಗ ಬದಲಾದಂತೆ ತನ್ನ ಪ್ರಮಾಣವನ್ನು ಬದಲಿಸುತ್ತಲೇ ಇರುತ್ತದೆ. ಗಾಡಿಯ ಹೇರನ್ನು ಒಮ್ಮೆ ಹದಗೊಳಿಸಿದರೆ ಊರು ಮುಟ್ಟುವವರೆಗೆ ಸಾಕು. ವಿಮಾನವನ್ನು ವೇಗ, ಎತ್ತರ, ಇಂಧನದ ತೂಕ ಬದಲಾದಾಗಲೆಲ್ಲ ಮತ್ತೆ ಹದಗೊಳಿಸಬೇಕು.

ಸಮಮಟ್ಟದ ಹಾರಾಟದಲ್ಲಿ ವಿಮಾನದ ಮೇಲೆ ನಾಲ್ಕು ಬಲಗಳು ವರ್ತಿಸುತ್ತವೆ: ಕೆಳಗೆ ಸೆಳೆಯುವ ತೂಕ, ರೆಕ್ಕೆಗಳು ಹುಟ್ಟಿಸುವ ಎತ್ತುಬಲ, ಗಾಳಿಯ ತಡೆಯಾದ ಹಿಂದೆಳೆತ ಮತ್ತು ಎಂಜಿನ್ನಿನ ನೂಕುಬಲ. ಎತ್ತುಬಲ ತೂಕಕ್ಕೆ ಸಮನಾಗಿ, ನೂಕುಬಲ ಹಿಂದೆಳೆತಕ್ಕೆ ಸಮನಾದರೆ ಕೆಲಸ ಮುಗಿಯಿತೆಂದು ಶಾಲೆಯ ಪಠ್ಯಗಳು ಹೇಳುವುದುಂಟು, ಆದರೆ ಅದು ಅರ್ಧ ಸತ್ಯ. ಏಕೆಂದರೆ ಬಲಗಳು ಸಮನಾಗಿದ್ದೂ ಅವು ಬೇರೆ ಬೇರೆ ಬಿಂದುಗಳಲ್ಲಿ ವರ್ತಿಸಿದರೆ ವಿಮಾನ ಮುಂದೆ ಸಾಗುತ್ತಲೇ ಮಗುಚತೊಡಗುತ್ತದೆ. ಹೀಗೆ ಗುರುತ್ವ ಕೇಂದ್ರದ ಸುತ್ತ ವಿಮಾನವನ್ನು ತಿರುಗಿಸಲು ಯತ್ನಿಸುವ ಪ್ರಭಾವವನ್ನು ತಿರುಗುಬಲ ಎನ್ನಬಹುದು, ಅದನ್ನು ಸೊನ್ನೆಯಾಗಿಸುವ ಹೊಣೆ ಬಾಲದಲ್ಲಿರುವ ಎಲಿವೇಟರ್ ಎಂಬ ಹಲಗೆಯದು. ಎಲಿವೇಟರಿನ ಹಿಂಬದಿಯ ಅಂಚು ಮೇಲೆದ್ದರೆ ಗಾಳಿ ಬಾಲವನ್ನು ಕೆಳಕ್ಕೆ ಒತ್ತಿ ಮೂಗನ್ನು ಎತ್ತುತ್ತದೆ, ಅಂಚು ಕೆಳಗಿಳಿದರೆ ಬಾಲ ಎದ್ದು ಮೂಗು ಬಾಗುತ್ತದೆ. ಬಾಲವು ಗುರುತ್ವ ಕೇಂದ್ರದಿಂದ ಬಹುದೂರದಲ್ಲಿರುವುದರಿಂದ ಅದರ ಸಣ್ಣ ಒತ್ತಡವೂ ದೊಡ್ಡ ತಿರುಗುಬಲವನ್ನು ಕೊಡುತ್ತದೆ, ಮೂಕಿಯ ತುದಿಯಲ್ಲಿ ನಿಂತ ಹುಡುಗನೊಬ್ಬ ಇಡೀ ಹೇರನ್ನು ಓಲಿಸಬಲ್ಲಂತೆ.

ಇಲ್ಲಿ ಇನ್ನೊಂದು ಪದವನ್ನು ಪರಿಚಯಿಸಬೇಕು. ರೆಕ್ಕೆಯು ಎದುರಿನಿಂದ ಬರುವ ಗಾಳಿಗೆ ಎಷ್ಟು ವಾಲಿಕೊಂಡಿದೆ ಎಂಬ ಕೋನವನ್ನು ವೈಮಾನಿಕರು ಆ್ಯಂಗಲ್ ಆಫ್ ಅಟ್ಯಾಕ್ ಎನ್ನುತ್ತಾರೆ; ಇಲ್ಲಿ ಅದನ್ನು ಗಾಳಿಕೋನ ಎಂದು ಕರೆಯಲಾಗಿದೆ. ಒಂದು ಮಿತಿಯವರೆಗೆ ಗಾಳಿಕೋನ ಹೆಚ್ಚಿದಷ್ಟೂ ಎತ್ತುಬಲ ಹೆಚ್ಚುತ್ತದೆ, ಅದರ ಜೊತೆಗೇ ಹಿಂದೆಳೆತವೂ ಹೆಚ್ಚುತ್ತದೆ. ಆದ್ದರಿಂದ ನೇರ, ಸಮಮಟ್ಟದ ಹಾರಾಟದ ಸಮಸ್ಯೆಯು ಮೂರು ಅಜ್ಞಾತಗಳಿಗೆ ಇಳಿಯುತ್ತದೆ: ಗಾಳಿಕೋನ ಎಷ್ಟಿರಬೇಕು, ಎಲಿವೇಟರ್ ಎಷ್ಟು ಡಿಗ್ರಿ ಬಾಗಿರಬೇಕು, ಎಂಜಿನ್ನಿಗೆ ಶಕ್ತಿ ಕೊಡುವ ಥ್ರಾಟಲ್ ಎಷ್ಟು ತೆರೆದಿರಬೇಕು. ಈ ಮೂರನ್ನೂ ಒಮ್ಮೆಲೇ ಕಂಡುಹಿಡಿಯಬೇಕಾಗುವುದೇ ಇಲ್ಲಿನ ಕಷ್ಟ, ಯಾಕೆಂದರೆ ಒಂದನ್ನು ಮುಟ್ಟಿದರೆ ಉಳಿದೆರಡೂ ಕದಲುತ್ತವೆ; ಎಲಿವೇಟರ್ ಬಾಗಿಸಿದರೆ ತಿರುಗುಬಲದೊಡನೆ ಎತ್ತುಬಲವೂ ತುಸು ಬದಲಾಗುತ್ತದೆ, ಅದನ್ನು ಸರಿದೂಗಿಸಲು ಗಾಳಿಕೋನ ಬದಲಿಸಿದರೆ ಹಿಂದೆಳೆತ ಬದಲಾಗುತ್ತದೆ, ಅದಕ್ಕಾಗಿ ಥ್ರಾಟಲ್ ಬದಲಿಸಬೇಕಾಗುತ್ತದೆ.

ಕಂಪ್ಯೂಟರ್ ಈ ಗಂಟನ್ನು ಬಿಡಿಸುವ ಬಗೆ ತಕ್ಕಡಿ ತೂಗುವವನ ಬಗೆಯದೇ. ಮೊದಲು ಮೂರಕ್ಕೂ ಒಂದೊಂದು ಊಹೆಯ ಬೆಲೆಯನ್ನಿಟ್ಟು, ಆ ಸ್ಥಿತಿಯಲ್ಲಿ ವಿಮಾನದ ವೇಗ, ಗಾಳಿಕೋನ ಮತ್ತು ತಿರುಗಾಟಗಳು ಕ್ಷಣಕ್ಷಣಕ್ಕೆ ಎಷ್ಟು ಬದಲಾಗತೊಡಗುತ್ತವೆ ಎಂದು ಸಮೀಕರಣಗಳಿಂದ ಲೆಕ್ಕ ಹಾಕಿ, ಆ ಬದಲಾವಣೆಗಳ ವರ್ಗಗಳನ್ನು ಕೂಡಿಸಿ ಒಂದೇ ಸಂಖ್ಯೆಯನ್ನಾಗಿ ಮಾಡಿಕೊಳ್ಳುತ್ತದೆ. ಆ ಸಂಖ್ಯೆ ಸೊನ್ನೆಯಾದರೆ ವಿಮಾನ ಸಮತೋಲದಲ್ಲಿದೆ ಎಂದರ್ಥ, ಸೊನ್ನೆಯಾಗದಿದ್ದರೆ ಊಹೆಗಳನ್ನು ತುಸು ತಿದ್ದಿ ಮತ್ತೆ ಲೆಕ್ಕ ಹಾಕುತ್ತದೆ, ನೂರಾರು ಬಾರಿ ಹೀಗೆ ತಿದ್ದಿ ಸೊನ್ನೆಗೆ ಬಹು ಸಮೀಪಕ್ಕೆ ಬರುತ್ತದೆ. ಇದಕ್ಕೆ ಬಳಸುವ ಗಣಿತಕ್ರಮಗಳಲ್ಲಿ 1965ರಲ್ಲಿ ನೆಲ್ಡರ್ ಮತ್ತು ಮೀಡ್ ಎಂಬಿಬ್ಬರು ಪ್ರಕಟಿಸಿದ ಕ್ರಮ ಇಂದಿಗೂ ಜನಪ್ರಿಯವಾಗಿದೆ.

ಮಾತನ್ನು ಅಂಕಿಗಳಿಗೆ ಇಳಿಸಲು ಅನುಕೂಲವಾದ ಒಂದು ಯುದ್ಧವಿಮಾನವಿದೆ. ಅಮೆರಿಕದ ನಾಸಾ ಸಂಸ್ಥೆಯು ಎಫ್-16 ವಿಮಾನದ ಮಾದರಿಯನ್ನು ಗಾಳಿಸುರಂಗದಲ್ಲಿರಿಸಿ ಅಳೆದ ಮಾಹಿತಿಯನ್ನು 1979ರಲ್ಲಿ ಪ್ರಕಟಿಸಿತು, ಬ್ರಯನ್ ಸ್ಟೀವನ್ಸ್ ಮತ್ತು ಫ್ರ್ಯಾಂಕ್ ಲೂಯಿಸ್ ಆ ಮಾಹಿತಿಯನ್ನು ಸರಳಗೊಳಿಸಿ ತಮ್ಮ ಪಠ್ಯಪುಸ್ತಕದಲ್ಲಿ ಪೂರ್ಣ ಗಣಿತಮಾದರಿಯಾಗಿ ಕೊಟ್ಟರು. ಜಗತ್ತಿನ ಅನೇಕ ವೈಮಾನಿಕ ತರಗತಿಗಳಲ್ಲಿ ಟ್ರಿಮ್ ಲೆಕ್ಕದ ಮೊದಲ ಪಾಠ ಇಂದಿಗೂ ಈ ಮಾದರಿಯಿಂದಲೇ ನಡೆಯುತ್ತದೆ. ಅದರಲ್ಲಿ ವಿಮಾನದ ತೂಕ ಸುಮಾರು 9,300 ಕಿಲೋ, ಅಂದರೆ 93 ಕ್ವಿಂಟಲ್. ರೆಕ್ಕೆಯ ವಿಸ್ತೀರ್ಣ ಸುಮಾರು 27.9 ಚದರ ಮೀಟರ್. ಉದಾಹರಣೆಯ ವೇಗ ಸೆಕೆಂಡಿಗೆ 153 ಮೀಟರ್, ಗಂಟೆಗೆ ಸುಮಾರು 550 ಕಿಲೋಮೀಟರ್. ಸಮುದ್ರಮಟ್ಟದ ಗಾಳಿಯಲ್ಲಿ ಈ ವೇಗದ ಒತ್ತಡವು ಪ್ರತಿ ಚದರ ಮೀಟರಿಗೆ ಸುಮಾರು 1,460 ಕಿಲೋ ಭಾರಕ್ಕೆ ಸಮ. ರೆಕ್ಕೆಯ ವಿಸ್ತೀರ್ಣದಿಂದ ಗುಣಿಸಿದರೆ ಅದು ಸುಮಾರು 40,700 ಕಿಲೋ ಆಗುತ್ತದೆ, ವಿಮಾನಕ್ಕೆ ಬೇಕಾದದ್ದು ಅದರಲ್ಲಿ ಕಾಲು ಭಾಗಕ್ಕಿಂತಲೂ ಕಡಿಮೆ, 0.228 ಪಾಲು ಮಾತ್ರ. ಕಂಪ್ಯೂಟರ್ ಹುಡುಕಿ ಕೊಡುವ ಉತ್ತರ ಹೀಗಿದೆ: ಗಾಳಿಕೋನ 2.1 ಡಿಗ್ರಿ, ಎಲಿವೇಟರಿನ ಅಂಚು ಮೇಲ್ಮುಖವಾಗಿ 0.76 ಡಿಗ್ರಿ, ಥ್ರಾಟಲ್ ಪೂರ್ಣ ತೆರವಿನ ಶೇಕಡಾ 13.85. ಸಮಮಟ್ಟದಲ್ಲಿ ಹಾರುವ ವಿಮಾನದ ಮೂಗು ದಿಗಂತಕ್ಕಿಂತ ತುಸು ಮೇಲೇ ಇರುವುದೇಕೆ ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಮಾರ್ಗ ಸಮಮಟ್ಟದ್ದಾದಾಗ ಮೂಗಿನ ಏರು ಗಾಳಿಕೋನಕ್ಕೆ ಸಮನಾಗಲೇಬೇಕು, ಆದ್ದರಿಂದ 2.1 ಡಿಗ್ರಿ ಎತ್ತಿದ ಮೂಗೇ ಇಲ್ಲಿ ನಿಜವಾದ ಸಮಮಟ್ಟ.

ಈಗ ಹೇರನ್ನು ಸರಿಸಿ ನೋಡಬೇಕು. ಮೇಲಿನ ಲೆಕ್ಕದಲ್ಲಿ ಗುರುತ್ವ ಕೇಂದ್ರವು ರೆಕ್ಕೆಯ ಮುಂಬದಿಯ ಅಂಚಿನಿಂದ ಹಿಂಬದಿಯವರೆಗಿನ ಸರಾಸರಿ ಅಗಲದ ಶೇಕಡಾ 35ರಲ್ಲಿದೆ; ಆ ಅಗಲ ಸುಮಾರು 3.45 ಮೀಟರ್. ಕೇಂದ್ರವನ್ನು ಶೇಕಡಾ 30ಕ್ಕೆ ಮುಂದೆ ತಂದರೆ ಮೂಗಿನ ಮುಂಭಾರ ಹೆಚ್ಚಿ, ಅದನ್ನು ಎತ್ತಿ ಹಿಡಿಯಲು ಎಲಿವೇಟರ್ 1.93 ಡಿಗ್ರಿ ಮೇಲೆದ್ದು ಬಾಲವನ್ನು ಕೆಳಗೊತ್ತಬೇಕಾಗುತ್ತದೆ, ಆ ಒತ್ತಡವೂ ಒಂದು ಬಗೆಯ ಹೆಚ್ಚುವರಿ ತೂಕವೇ ಆದ್ದರಿಂದ ರೆಕ್ಕೆ ತುಸು ಹೆಚ್ಚು ದುಡಿಯಬೇಕಾಗಿ ಗಾಳಿಕೋನ 2.26 ಡಿಗ್ರಿಗೆ, ಥ್ರಾಟಲ್ ಶೇಕಡಾ 14.85ಕ್ಕೆ ಏರುತ್ತವೆ. ಕೇಂದ್ರವನ್ನು ಶೇಕಡಾ 38ಕ್ಕೆ ಹಿಂದೆ ಸರಿಸಿದರೆ ಎಲಿವೇಟರ್ ಬಹುತೇಕ ನೇರವಾಗಿಯೇ ನಿಲ್ಲುತ್ತದೆ, ಅದರ ಬಾಗು 0.06 ಡಿಗ್ರಿಗೂ ಕಡಿಮೆ. ಗಾಳಿಕೋನ ಸುಮಾರು 2.03 ಡಿಗ್ರಿಗೆ, ಥ್ರಾಟಲ್ ಶೇಕಡಾ 13.25ಕ್ಕೆ ಇಳಿಯುತ್ತವೆ. ಶೇಕಡಾ 30ರಿಂದ 38ಕ್ಕೆ ಗುರುತ್ವ ಕೇಂದ್ರ ಸರಿದ ದೂರ ಸುಮಾರು 28 ಸೆಂಟಿಮೀಟರ್, ಒಂದು ಗೇಣಿಗಿಂತ ತುಸು ಹೆಚ್ಚು. 93 ಕ್ವಿಂಟಲ್ ತೂಕದ ವಿಮಾನದಲ್ಲಿ ಒಂದು ಗೇಣು ಇಷ್ಟು ಬದಲಾವಣೆ ತರುತ್ತದೆ ಎಂಬುದು ಹೇರು ಹೇರುವವನ ಅರ್ಧ ಮೊಳದ ಎಚ್ಚರಕ್ಕೆ ಗಣಿತ ಕೊಡುವ ಸಾಕ್ಷಿ.

ಈ ಅಂಕಿಗಳನ್ನಷ್ಟೇ ನೋಡಿದವರಿಗೆ ಗುರುತ್ವ ಕೇಂದ್ರ ಹಿಂದೆ ಹೋದಷ್ಟೂ ಒಳ್ಳೆಯದೆಂದು ತೋರುವುದು ಸಹಜ, ಆದರೆ ಟ್ರಿಮ್‌ನ ಬಗ್ಗೆ ಸಾಮಾನ್ಯವಾಗಿ ಉಂಟಾಗುವ ತಪ್ಪು ತಿಳಿವಳಿಕೆ ಹುಟ್ಟುವುದೂ ಇಲ್ಲಿಯೇ. ಸಮತೋಲ ಬೇರೆ, ಸ್ಥಿರತೆ ಬೇರೆ. ಬಟ್ಟಲಿನ ತಳದಲ್ಲಿರುವ ಗೋಲಿಯೂ, ಬೋರಲು ಹಾಕಿದ ಬಟ್ಟಲಿನ ನೆತ್ತಿಯ ಮೇಲೆ ಜತನದಿಂದ ಇರಿಸಿದ ಗೋಲಿಯೂ ಸಮತೋಲದಲ್ಲಿಯೇ ಇರುತ್ತವೆ. ಎರಡರ ಮೇಲೂ ಬಲಗಳ ಮೊತ್ತ ಸೊನ್ನೆ. ಆದರೆ ಬೆರಳು ಸೋಕಿಸಿದರೆ ಮೊದಲನೆಯದು ತನ್ನ ಜಾಗಕ್ಕೆ ಮರಳುತ್ತದೆ, ಎರಡನೆಯದು ಉರುಳಿಹೋಗುತ್ತದೆ. ಟ್ರಿಮ್ ಲೆಕ್ಕ ಗೋಲಿ ಎಲ್ಲಿ ನಿಲ್ಲಬಲ್ಲದು ಎಂದಷ್ಟೇ ಹೇಳುತ್ತದೆ, ಅದು ನಿಂತಿರುವುದು ತಳದಲ್ಲೋ ನೆತ್ತಿಯಲ್ಲೋ ಎಂದು ಹೇಳುವುದಿಲ್ಲ. ವಿಮಾನದ ಗುರುತ್ವ ಕೇಂದ್ರ ಹಿಂದೆ ಸರಿದಷ್ಟೂ ಬಟ್ಟಲು ಚಪ್ಪಟೆಯಾಗುತ್ತ ಹೋಗಿ, ತಟಸ್ಥ ಬಿಂದು ಎಂದು ಕರೆಯಲಾಗುವ ಒಂದು ಸ್ಥಾನವನ್ನು ದಾಟಿದ ಬಳಿಕ ಬೋರಲಾಗುತ್ತದೆ. ಆಗ ಗಾಳಿಯ ಒಂದು ಸಣ್ಣ ಹೊಡೆತದಿಂದ ಮೂಗು ತುಸು ಎದ್ದರೂ ಅದು ಮರಳಿ ಇಳಿಯುವ ಬದಲು ಇನ್ನಷ್ಟು ಏಳತೊಡಗುತ್ತದೆ.

ಹಾಗಿದ್ದೂ ಯುದ್ಧವಿಮಾನಗಳ ವಿನ್ಯಾಸಕಾರರು ತಿಳಿದೂ ತಿಳಿದೂ ಈ ಬೋರಲು ಬಟ್ಟಲನ್ನು ಆರಿಸಿಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ ಇದಕ್ಕೆ ಅತ್ಯಂತ ಸಮೀಪದ ಉದಾಹರಣೆ. ತೇಜಸ್‌ಗೆ ಪ್ರತ್ಯೇಕವಾದ ಅಡ್ಡಬಾಲವಿಲ್ಲ, ತ್ರಿಕೋನಾಕಾರದ ರೆಕ್ಕೆಯ ಹಿಂಬದಿಯ ಅಂಚಿನಲ್ಲಿರುವ ಎಲೆವಾನ್ ಎಂಬ ಹಲಗೆಗಳೇ ಮೂಗನ್ನು ಏರಿಸಿ ಇಳಿಸುವ ಮತ್ತು ವಿಮಾನವನ್ನು ಹೊರಳಿಸುವ ಎರಡೂ ಕೆಲಸಗಳನ್ನು ಮಾಡುತ್ತವೆ. ಇಂತಹ ವಿಮಾನವನ್ನು ಸ್ಥಿರವಾಗಿ ರಚಿಸಿದರೆ, ಹಳೆಯ ಮಿರಾಜ್-3ರಲ್ಲಿ ಇದ್ದಂತೆ, ಮೂಗನ್ನು ಎತ್ತಿ ಹಿಡಿಯಲು ಎಲೆವಾನ್‌ಗಳು ಸದಾ ಮೇಲೆದ್ದಿರಬೇಕಾಗುತ್ತದೆ, ಅವು ರೆಕ್ಕೆಯ ಭಾಗವೇ ಆದ್ದರಿಂದ ರೆಕ್ಕೆಯ ಎತ್ತುಬಲವನ್ನೇ ಕಡಿತಗೊಳಿಸುತ್ತವೆ. ಅದರ ಪರಿಣಾಮವಾಗಿ ಇಳಿಯುವ ವೇಗ ಹೆಚ್ಚುತ್ತದೆ, ತೀವ್ರವಾಗಿ ತಿರುಗುವ ಶಕ್ತಿ ಕುಂದುತ್ತದೆ. ಅದೇ ವಿಮಾನವನ್ನು ಅಸ್ಥಿರವಾಗಿ ರಚಿಸಿದರೆ ಟ್ರಿಮ್‌ಗಾಗಿ ಎಲೆವಾನ್‌ಗಳು ಕೆಳಮುಖವಾಗಿ ಬಾಗುತ್ತವೆ, ಹಾಗೆ ಬಾಗಿ ಎತ್ತುಬಲಕ್ಕೆ ತಮ್ಮ ಪಾಲನ್ನೂ ಸೇರಿಸುತ್ತವೆ. ಮಿರಾಜ್-2000 ಮತ್ತು ತೇಜಸ್ ಎರಡೂ ಈ ಲಾಭಕ್ಕಾಗಿ ಸ್ಥಿರತೆಯನ್ನು ಬಿಟ್ಟುಕೊಟ್ಟವು. ಬಿಟ್ಟುಕೊಟ್ಟದ್ದನ್ನು ತುಂಬಿಕೊಡುವುದು ಕಂಪ್ಯೂಟರು: ಪೈಲಟ್‌ನ ಕೈ ಮತ್ತು ಎಲೆವಾನ್‌ಗಳ ನಡುವೆ ಸರಳು, ತಂತಿಹಗ್ಗಗಳ ಬದಲು ವಿದ್ಯುತ್ ಸಂಕೇತಗಳೇ ಓಡಾಡುವ ‘ಫ್ಲೈ-ಬೈ-ವೈರ್’ ಎಂಬ ವ್ಯವಸ್ಥೆಯು ಮೂಗಿನ ಕದಲಿಕೆಯನ್ನು ಪ್ರತಿ ಸೆಕೆಂಡಿಗೆ ಹಲವು ಹತ್ತು ಬಾರಿ ಅಳೆದು, ಗೋಲಿ ಉರುಳುವ ಮೊದಲೇ ಬಟ್ಟಲನ್ನು ಅದರಡಿಗೆ ಸರಿಸುತ್ತಿರುತ್ತದೆ. ಒಂದು ಕಂಪ್ಯೂಟರ್ ಕೆಟ್ಟರೂ ಹಾರಾಟ ನಿಲ್ಲಬಾರದೆಂದು ತೇಜಸ್‌ನಲ್ಲಿ ಈ ವ್ಯವಸ್ಥೆ ನಾಲ್ಕು ಪಟ್ಟಿನದಾಗಿದೆ. ಇಂತಹ ವಿಮಾನದಲ್ಲಿ ಪೈಲಟ್ ಟ್ರಿಮ್ ಗುಂಡಿಯನ್ನು ಮುಟ್ಟುವ ಸಂದರ್ಭವೇ ವಿರಳ, ಸಮತೋಲವನ್ನು ಹುಡುಕುವ ಕೆಲಸವನ್ನೂ ಅದರಲ್ಲಿ ನಿಲ್ಲಿಸುವ ಕೆಲಸವನ್ನೂ ಕಂಪ್ಯೂಟರೇ ವಹಿಸಿಕೊಂಡಿರುತ್ತದೆ.

ಹೀಗೆ ಯಂತ್ರಕ್ಕೆ ವಹಿಸಿದ ಕೆಲಸವನ್ನು ನೆಲದ ಮೇಲೆ ಪರೀಕ್ಷಿಸದೆ ಆಕಾಶಕ್ಕೆ ಕಳುಹಿಸುವಂತಿಲ್ಲವಾದ್ದರಿಂದ ಅನುಕರಣೆಯ ಹಾರಾಟ, ಅಂದರೆ ಸಿಮ್ಯುಲೇಶನ್, ಅನಿವಾರ್ಯವಾಯಿತು. ಬೆಂಗಳೂರಿನಲ್ಲಿ ಇದಕ್ಕೆ ಕಂಪ್ಯೂಟರಿಗಿಂತ ಹಳೆಯ ಪರಂಪರೆಯೇ ಇದೆ. ಜರ್ಮನ್ ವಿನ್ಯಾಸಕಾರ ಕರ್ಟ್ ಟ್ಯಾಂಕ್ ನೇತೃತ್ವದಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯು ಎಚ್.ಎಫ್.-24 ಮಾರುತ್ ವಿಮಾನವನ್ನು ರೂಪಿಸುತ್ತಿದ್ದಾಗ, ಅದರ ಗುಣಲಕ್ಷಣಗಳನ್ನು ಮೊದಲೇ ತಿಳಿಯಲು ಅದೇ ಅಳತೆಯ, ಎಂಜಿನ್ನಿಲ್ಲದ ಮರದ ಗ್ಲೈಡರ್ ಒಂದನ್ನು ಕಟ್ಟಿ, 1959ರಲ್ಲಿ ಡಕೋಟಾ ವಿಮಾನದ ಹಿಂದೆ ಹಗ್ಗದಿಂದ ಎಳೆದೊಯ್ದು ಹಾರಿಸಲಾಯಿತು. ನಿಜವಾದ ಮಾರುತ್ 1961ರ ಜೂನ್ 17ರಂದು ಸುರಂಜನ್ ದಾಸ್ ಅವರ ಕೈಯಲ್ಲಿ ಹಾರಿತು. ಮರದಲ್ಲಿ ಕಡೆದ ಆ ಗ್ಲೈಡರನ್ನು ನಮ್ಮ ನಾಡಿನ ಮೊದಲ ಅನುಕರಣೆಯ ಯುದ್ಧವಿಮಾನ ಎನ್ನುವುದು ಅತಿಶಯೋಕ್ತಿಯಾಗಲಾರದು.

ತೇಜಸ್‌ನ ಕಾಲಕ್ಕೆ ಮರದ ಸ್ಥಾನವನ್ನು ಸಮೀಕರಣ ಪಡೆಯಿತು. ವಿಮಾನದ ನಿಯಂತ್ರಣ ಸೂತ್ರಗಳನ್ನು ಬರೆಯುವ ಹೊಣೆಯನ್ನು 1990ರ ದಶಕದ ಆರಂಭದಲ್ಲಿ ಬೆಂಗಳೂರಿನ ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯದ ನೇತೃತ್ವದ ತಂಡವೊಂದು ಹೊತ್ತುಕೊಂಡಿತು. ಆ ಸೂತ್ರಗಳನ್ನು ನೆಲದ ಸಿಮ್ಯುಲೇಟರುಗಳಲ್ಲಿ ಪೈಲಟ್‌ಗಳು ಹಾರಿಸಿ ನೋಡಿದರು. ನಿಜವಾದ ಹೈಡ್ರಾಲಿಕ್ ಕೊಳವೆಗಳನ್ನೂ ಹಲಗೆಗಳನ್ನು ಕದಲಿಸುವ ಯಂತ್ರಗಳನ್ನೂ ಉಕ್ಕಿನ ಚೌಕಟ್ಟೊಂದರ ಮೇಲೆ ವಿಮಾನದ ಕ್ರಮದಲ್ಲಿಯೇ ಜೋಡಿಸಿದ ‘ಐರನ್ ಬರ್ಡ್’ ಎಂಬ ಪರೀಕ್ಷಾ ವ್ಯವಸ್ಥೆಗೆ ಆ ಸೂತ್ರಗಳನ್ನು ಅಳವಡಿಸಿ ನೋಡಲಾಯಿತು. 1996ರಲ್ಲಿ ಅಮೆರಿಕದಲ್ಲಿ, ಬೇರೆ ವಿಮಾನಗಳ ನಡವಳಿಕೆಯನ್ನು ತಾನು ಅನುಕರಿಸುವಂತೆ ಮಾರ್ಪಡಿಸಲಾದ ಎಫ್-16 ವಿಸ್ತಾ ವಿಮಾನಕ್ಕೆ ಅದೇ ಸೂತ್ರಗಳನ್ನು ತುಂಬಿ ಹಾರಿಸಲಾಯಿತು. ಇನ್ನೂ ಹುಟ್ಟದ ತೇಜಸ್ ಮತ್ತೊಂದು ವಿಮಾನದ ಮೈಯಲ್ಲಿ ಆಕಾಶವನ್ನು ಕಂಡದ್ದು ಹೀಗೆ. 1998ರ ಪೋಖರಣ್ ಪರೀಕ್ಷೆಗಳ ಬಳಿಕ ಅಮೆರಿಕ ನಿರ್ಬಂಧ ಹೇರಿ ಆ ಸಹಕಾರ ನಿಂತುಹೋದಾಗ ಉಳಿದ ಕೆಲಸವನ್ನು ಇಲ್ಲಿನ ತಂಡವೇ ಪೂರೈಸಿತು, 2001ರ ಜನವರಿ 4ರಂದು ರಾಜೀವ್ ಕೊಠಿಯಾಲ್ ತೇಜಸ್‌ನ ಮೊದಲ ಮಾದರಿಯನ್ನು ಬೆಂಗಳೂರಿನಿಂದ ಮೇಲೇರಿಸಿ 18 ನಿಮಿಷ ಹಾರಿಸಿ ಇಳಿಸಿದರು. ಸ್ವಭಾವತಃ ಮಗುಚಿಕೊಳ್ಳಬಯಸುವ ವಿಮಾನವೊಂದು ಮೊದಲ ದಿನವೇ ನೆಟ್ಟಗೆ ಹಾರಿದ್ದರ ಹಿಂದೆ ನೆಲದ ಮೇಲೆ ವರ್ಷಗಳ ಕಾಲ ನಡೆದ ಈ ಅನುಕರಣೆಯ ಹಾರಾಟವಿತ್ತು, ಆ ದುಡಿಮೆಗೆ ಸಲ್ಲಬೇಕಾದಷ್ಟು ಮನ್ನಣೆ ಕನ್ನಡದ ಓದುಗರಿಂದ ಇನ್ನೂ ಸಂದಿಲ್ಲ.

ಅದೇ ಲೆಕ್ಕವನ್ನು ಇಂದು ಮನೆಯ ಕಂಪ್ಯೂಟರಿನಲ್ಲಿಯೇ ಮಾಡಬಹುದು. ಜೆ.ಎಸ್.ಬಿ.ಸಿಮ್ ಎಂಬ ಮುಕ್ತ ತಂತ್ರಾಂಶ ಯಾರಿಗಾದರೂ ಉಚಿತವಾಗಿ ದೊರೆಯುತ್ತದೆ, ಅದರಲ್ಲಿ ನಾಸಾದ ಮಾಹಿತಿಯನ್ನು ಆಧರಿಸಿದ ಎಫ್-16 ಮಾದರಿಯೂ, ಟ್ರಿಮ್ ಹುಡುಕುವ ಸೌಲಭ್ಯವೂ ಇವೆ. ಫ್ಲೈಟ್‌ಗಿಯರ್ ಎಂಬ ಇನ್ನೊಂದು ಉಚಿತ ತಂತ್ರಾಂಶ ಅದನ್ನು ತೆರೆಯ ಮೇಲೆ ದೃಶ್ಯವಾಗಿ ತೋರಿಸಬಲ್ಲದು. ಇದು ಆಟದ ಸಾಮಾನೆಂದು ತಿಳಿಯಬೇಕಾಗಿಲ್ಲ. ನಾಸಾ 2015ರಲ್ಲಿ ಪ್ರಕಟಿಸಿದ ವರದಿಯೊಂದರಲ್ಲಿ ತನ್ನ ಕೇಂದ್ರಗಳು ಬಳಸುವ ಬೇರೆ ಬೇರೆ ಸಿಮ್ಯುಲೇಶನ್ ತಂತ್ರಾಂಶಗಳನ್ನು ಪರಸ್ಪರ ಹೋಲಿಸಿ ನೋಡಿತು, ಹೋಲಿಕೆಗೆ ಆರಿಸಿಕೊಂಡ ಪರೀಕ್ಷೆಗಳಲ್ಲಿ ಸುಮಾರು 10,000 ಅಡಿ ಎತ್ತರದಲ್ಲಿ ಸಮಮಟ್ಟದಲ್ಲಿ ಟ್ರಿಮ್ ಮಾಡಿದ ಎಫ್-16 ಕೂಡ ಒಂದಾಗಿತ್ತು, ಜೆ.ಎಸ್.ಬಿ.ಸಿಮ್ ಆ ಹೋಲಿಕೆಯಲ್ಲಿ ಪಾಲುಗೊಂಡಿತ್ತು. ಒಂದೇ ವಿಮಾನಕ್ಕೆ ಎಲ್ಲ ತಂತ್ರಾಂಶಗಳೂ ಒಂದೇ ಸಮತೋಲವನ್ನು ಕಂಡುಕೊಳ್ಳದಿದ್ದರೆ ಮುಂದಿನ ಯಾವ ಹೋಲಿಕೆಗೂ ಅರ್ಥವಿರುವುದಿಲ್ಲವಾದ್ದರಿಂದ ಟ್ರಿಮ್ ಎಂಬುದು ಅನುಕರಣೆಯ ಸತ್ಯಾಸತ್ಯತೆಯ ಮೊದಲ ಒರೆಗಲ್ಲು.

ದಾವಣಗೆರೆ ಜಿಲ್ಲೆಯ ವಿದ್ಯಾರ್ಥಿಯೊಬ್ಬ ಈ ಲೆಕ್ಕಕ್ಕೆ ಕೈಹಾಕಿದರೆ ಮೊದಲು ತಿದ್ದಬೇಕಾದದ್ದು ಎತ್ತರವನ್ನು. ಪಠ್ಯಪುಸ್ತಕದ ಉದಾಹರಣೆ ಸಮುದ್ರಮಟ್ಟದ್ದು. ಜಗಳೂರಿನ ಬಯಲು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ ಪುಸ್ತಕದ ವಿಮಾನ ಅಲ್ಲಿ ನೆಲದೊಳಗೆ ಹಾರಬೇಕಾದೀತು. 600 ಮೀಟರ್ ಎತ್ತರದ ಪ್ರಮಾಣಿತ ಗಾಳಿ ಸಮುದ್ರಮಟ್ಟದ್ದಕ್ಕಿಂತ ಶೇಕಡಾ 5.6ರಷ್ಟು ತೆಳು, ಆದ್ದರಿಂದ ಅದೇ ವೇಗದಲ್ಲಿ ರೆಕ್ಕೆಯಿಂದ ಪಡೆಯಬೇಕಾದ ಪಾಲು 0.228ರಿಂದ 0.242ಕ್ಕೆ ಏರುತ್ತದೆ, 10,000 ಅಡಿಗೆ ಹೋದರೆ ಗಾಳಿ ಶೇಕಡಾ 26ರಷ್ಟು ತೆಳುವಾಗಿ ಆ ಪಾಲು 0.31ರ ಸಮೀಪಕ್ಕೆ ಬರುತ್ತದೆ, ಗಾಳಿಕೋನವೂ ಅದಕ್ಕೆ ತಕ್ಕಂತೆ ಹೆಚ್ಚುತ್ತದೆ. ಜಗಳೂರಿನ ಬೇಸಿಗೆಯ ಬಿಸಿಲಿಗೆ ಗಾಳಿ ಇನ್ನೂ ಹಿಗ್ಗಿ ತೆಳುವಾಗುವುದನ್ನೂ ಲೆಕ್ಕಕ್ಕೆ ಸೇರಿಸಬಹುದು. ಈ ಗುಣಾಕಾರ ಭಾಗಾಕಾರಗಳಿಗೆ ಪಿಯುಸಿಯ ಗಣಿತ ಸಾಕು.

ಲೆಕ್ಕವನ್ನು ಕಂಪ್ಯೂಟರಿಗೆ ಬಿಡದೆ ಜಾಯ್‌ಸ್ಟಿಕ್ ಹಿಡಿದು ಕೈಯಿಂದಲೇ ಟ್ರಿಮ್ ಮಾಡುವವರಿಗೆ ಕ್ರಮವೇ ಮುಖ್ಯ. ಮೊದಲು ಥ್ರಾಟಲ್ ನಿಗದಿಪಡಿಸಿ, ಸ್ಟಿಕ್ ಅನ್ನು ಒತ್ತಿಯೋ ಎಳೆದೋ ಮೂಗನ್ನು ಬೇಕಾದ ಮಟ್ಟದಲ್ಲಿ ಹಿಡಿದು, ವೇಗ ನೆಲೆಗೊಳ್ಳುವವರೆಗೆ ಕಾಯಬೇಕು, ಆಮೇಲೆ ಕೈಗೆ ತಾಗುವ ಒತ್ತಡ ಇಲ್ಲವಾಗುವವರೆಗೆ ಟ್ರಿಮ್ ಗುಂಡಿಯನ್ನು ತುಸುತುಸುವೇ ಒತ್ತಬೇಕು. ಮನೆಯ ಜಾಯ್‌ಸ್ಟಿಕ್‌ನಲ್ಲಿ ಒಂದು ತೊಡಕಿದೆ: ಅನೇಕ ನಿಜ ವಿಮಾನಗಳಲ್ಲಿ ಟ್ರಿಮ್ ಮಾಡಿದಾಗ ಸ್ಟಿಕ್ ಒತ್ತಡವಿಲ್ಲದೆ ನಿಲ್ಲುವ ಸ್ಥಾನವೇ ಸರಿಯುತ್ತದೆ, ಆದರೆ ಜಾಯ್‌ಸ್ಟಿಕ್‌ನ ಸ್ಪ್ರಿಂಗ್ ಅದನ್ನು ಸದಾ ನಡುವಿಗೇ ಎಳೆಯುತ್ತದೆ, ಆದ್ದರಿಂದ ಟ್ರಿಮ್ ಹೆಚ್ಚಿಸಿದಷ್ಟೇ ಮೆಲ್ಲಗೆ ಕೈಯನ್ನು ನಡುವಿಗೆ ಬಿಟ್ಟುಕೊಡುವುದನ್ನು ಕಲಿಯಬೇಕು. ಹೊಸಬರು ಮಾಡುವ ದೊಡ್ಡ ತಪ್ಪೆಂದರೆ ವೇಗ ನೆಲೆಗೊಳ್ಳುವ ಮೊದಲೇ ಟ್ರಿಮ್ ಗುಂಡಿಯಿಂದ ವಿಮಾನವನ್ನು ನಡೆಸಲು ಹೊರಡುವುದು. ಸ್ಥಿರವಾದ ವಿಮಾನವೂ ತನ್ನ ಟ್ರಿಮ್ ವೇಗದಿಂದ ತುಸು ತಪ್ಪಿದರೆ ನಿಧಾನವಾದ ಅಲೆಯೊಂದರಲ್ಲಿ ತೊಡಗುತ್ತದೆ. ಇಳಿಯುತ್ತ ವೇಗ ಪಡೆದು, ಆ ವೇಗದಿಂದ ಎತ್ತುಬಲ ಹೆಚ್ಚಿ ಏರಿ, ಏರುತ್ತ ವೇಗ ಕಳೆದುಕೊಂಡು ಮತ್ತೆ ಇಳಿಯುತ್ತದೆ. ಫ್ರೆಡರಿಕ್ ಲ್ಯಾಂಚೆಸ್ಟರ್ 1908ರಲ್ಲಿ ಇದನ್ನು ವಿವರಿಸಿ ಫ್ಯೂಗಾಯ್ಡ್ ಎಂದು ಹೆಸರಿಟ್ಟನು. ಅವನ ಸೂತ್ರದಂತೆ ಸೆಕೆಂಡಿಗೆ 153 ಮೀಟರ್ ವೇಗದ ವಿಮಾನಕ್ಕೆ ಇಂತಹ ಒಂದು ಅಲೆ ಪೂರ್ಣವಾಗಲು ಸುಮಾರು 70 ಸೆಕೆಂಡು ಬೇಕು. ಒಂದು ನಿಮಿಷಕ್ಕೂ ಮಿಕ್ಕ ಈ ಉಸಿರಾಟವನ್ನು ಅರಿಯದವನು ಇಳಿಯುವಾಗ ಮೂಗೆತ್ತುವ ಟ್ರಿಮ್ ಕೊಟ್ಟು, ಏರುವಾಗ ಮೂಗಿಳಿಸುವ ಟ್ರಿಮ್ ಕೊಟ್ಟು ಅಲೆಯನ್ನು ತಾನೇ ಬೆಳೆಸುತ್ತಾನೆ.

ಜಗಳೂರಿನ ನೆರೆಯ ಚಿತ್ರದುರ್ಗ ಜಿಲ್ಲೆಯಲ್ಲಿ, ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನ ಹಳೆಯ ಹುಲ್ಲುಗಾವಲಿನಲ್ಲಿ, ಈ ವಿದ್ಯೆ ಮನುಷ್ಯನ ಕೈಯನ್ನೇ ಬಿಟ್ಟು ನಡೆಯುತ್ತಿದೆ. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯು 2017ರ ಮೇ ತಿಂಗಳಿನಲ್ಲಿ ಉದ್ಘಾಟಿಸಿದ ವೈಮಾನಿಕ ಪರೀಕ್ಷಾ ವಲಯ ಅಲ್ಲಿದೆ. ಉದ್ಘಾಟನೆಗೂ ಮೊದಲೇ, 2016ರ ನವೆಂಬರಿನಲ್ಲಿ ರುಸ್ತುಂ-2 ಎಂಬ ಪೈಲಟ್‌ರಹಿತ ವಿಮಾನ ಅಲ್ಲಿ ಹಾರಿತ್ತು. 2022ರ ಜುಲೈ 1ರಂದು ಬಾಲವಿಲ್ಲದ, ಬರಿಯ ರೆಕ್ಕೆಯ ಆಕಾರದ ಸ್ವಯಂಚಾಲಿತ ವಿಮಾನದ ಮಾದರಿಯೂ ಹಾರಿತು. ಬರಿಯ ರೆಕ್ಕೆಯ ವಿಮಾನಕ್ಕೆ ಉದ್ದನೆಯ ಮೂಕಿಯಂತಹ ಬಾಲವೇ ಇಲ್ಲವಾದ್ದರಿಂದ, ಗುರುತ್ವ ಕೇಂದ್ರಕ್ಕೆ ಬಹು ಸಮೀಪದಲ್ಲಿರುವ ಹಲಗೆಗಳಿಂದಲೇ ತಿರುಗುಬಲವನ್ನು ಸೊನ್ನೆಗೆ ತರಬೇಕಾಗುತ್ತದೆ. ಟ್ರಿಮ್‌ನ ಸಮಸ್ಯೆ ಇದಕ್ಕಿಂತ ಇಕ್ಕಟ್ಟಿನಲ್ಲಿ ಕಾಣಸಿಗುವುದು ಅಪರೂಪ.

ಅದೇ ರನ್‌ವೇಯಲ್ಲಿ ಇಸ್ರೋ ಸಂಸ್ಥೆ ತನ್ನ ರೆಕ್ಕೆಯುಳ್ಳ ಮರುಬಳಕೆಯ ಉಡಾವಣಾ ವಾಹನವನ್ನು 2023ರ ಏಪ್ರಿಲ್ 2ರಂದು, 2024ರ ಮಾರ್ಚ್ 22ರಂದು ಮತ್ತು ಜೂನ್ 23ರಂದು ಇಳಿಸಿ ಪರೀಕ್ಷಿಸಿತು. ಎರಡನೆಯ ಮತ್ತು ಮೂರನೆಯ ಪರೀಕ್ಷೆಗಳ ಹೊತ್ತಿಗೆ ಅದಕ್ಕೆ ಪುಷ್ಪಕ್ ಎಂಬ ಹೆಸರು ಬಂದಿತ್ತು. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಮೂರನೆಯ ಬಾರಿ ಅದನ್ನು 4.5 ಕಿಲೋಮೀಟರ್ ಎತ್ತರದಲ್ಲಿ, ರನ್‌ವೇಯಿಂದ 4.5 ಕಿಲೋಮೀಟರ್ ದೂರದಲ್ಲಿ, ನೇರಗೆರೆಯಿಂದ 500 ಮೀಟರ್ ಪಕ್ಕಕ್ಕೆ ಸರಿಸಿ ಬಿಟ್ಟಿತು. ಇಳಿಯುವಾಗ ಪುಷ್ಪಕ್‌ಗೆ ಎಂಜಿನ್ನಿನ ನೂಕುಬಲವಿಲ್ಲ, ಅಂದರೆ ಮೂರು ಅಜ್ಞಾತಗಳಲ್ಲಿ ಥ್ರಾಟಲ್ ಎಂಬುದು ಇಲ್ಲವಾಗಿದೆ. ಅದರ ಸ್ಥಾನವನ್ನು ಇಳಿಜಾರಿನ ಕೋನ ತುಂಬುತ್ತದೆ, ಹಿಂದೆಳೆತವನ್ನು ಸರಿದೂಗಿಸುವ ಕೆಲಸವನ್ನು ತೂಕದ ಒಂದು ಅಂಶವೇ ಮಾಡಬೇಕಾಗುತ್ತದೆ, ಆದ್ದರಿಂದ ಅದರ ಸಮತೋಲ ಸಮಮಟ್ಟದಲ್ಲಿ ದೊರೆಯದೆ ಕಡಿದಾದ ಇಳಿತದಲ್ಲಿ ಮಾತ್ರ ದೊರೆಯುತ್ತದೆ. ಎತ್ತುಬಲಕ್ಕೆ ಹೋಲಿಸಿದರೆ ಹಿಂದೆಳೆತ ಬಹಳ ಹೆಚ್ಚಿರುವ ಆ ವಾಹನ ತನ್ನ ಕಂಪ್ಯೂಟರ್ ಆರಿಸಿದ ಇಳಿಜಾರಿನಲ್ಲಿ ಧಾವಿಸಿ, ಪಕ್ಕಕ್ಕೆ ಸರಿದಿದ್ದ 500 ಮೀಟರನ್ನು ತಾನೇ ತಿದ್ದಿಕೊಂಡು, ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ರನ್‌ವೇಯ ನಡುಗೆರೆಯನ್ನು ಮುಟ್ಟಿತು, ಬೆನ್ನ ಹಿಂದೆ ಬಿಚ್ಚಿಕೊಂಡ ಪ್ಯಾರಾಚೂಟ್ ಆ ವೇಗವನ್ನು ಸುಮಾರು 100 ಕಿಲೋಮೀಟರಿಗೆ ಇಳಿಸಿದ ಮೇಲೆ ಚಕ್ರಗಳ ಬ್ರೇಕಿನಿಂದ ನಿಂತಿತು.